ಎಂಜಿನ್ ಕಾದರೂ ದೋಣಿಯ ಹಂಡೆಯ ನೀರು ಕಾಯುತ್ತಿಲ್ಲ, ಏನು ಮಾಡಲಿ?

ಮಲ್ಪೆ ದೋಣಿಯವರು:

ನಮ್ಮದು ಮಲ್ಪೆಯ ಆಳಸಮುದ್ರ ಟ್ರಾಲ್ ದೋಣಿ. ಒಮ್ಮೆ ಹೊರಟರೆ ಎಂಟು ಹತ್ತು ದಿನ ದಡ ಕಾಣುವುದಿಲ್ಲ. ಬಲೆ ಎಳೆದು, ಮೀನು ವಿಂಗಡಿಸಿ, ಮಂಜುಗಡ್ಡೆಯಲ್ಲಿ ಕೈಯಾಡಿಸಿ ಬಂದವರಿಗೆ ಒಂದು ಬಕೆಟ್ ಬಿಸಿನೀರು ಎಷ್ಟು ಹಿತ ಎಂಬುದು ಕಡಲಿಗೆ ಹೋದವರಿಗೆ ಗೊತ್ತು. ಉಪ್ಪು ಕೂತು ಬೆರಳ ಸಂದಿ ಬಿರಿದಿರುತ್ತದೆ, ತಣ್ಣೀರಿಗೆ ಮೀನಿನ ಜಿಡ್ಡು ಬಿಡುವುದಿಲ್ಲ. ಸ್ನಾನಕ್ಕೂ ಗ್ಯಾಸ್ ಉರಿಸಿದರೆ ಅಡುಗೆಗೆ ಸಾಲುವುದಿಲ್ಲ. ಅದಕ್ಕೇ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಬಿಡುವಿನಲ್ಲಿ, ಎಂಜಿನ್ನಿನ ಬಿಸಿಯಿಂದಲೇ ನೀರು ಕಾಯುವ 60 ಲೀಟರ್ ಸ್ಟೀಲ್ ಟ್ಯಾಂಕ್ ಮಾಡಿಸಿ ಕೂರಿಸಿದೆ. ಒಳಗೆ ತಾಮ್ರದ ಸುರುಳಿ ಇದೆ, ಎಂಜಿನ್ನನ್ನು ತಣಿಸುವ ದ್ರವ, ಅಂದರೆ ಕೂಲಂಟ್, ಅದರಲ್ಲಿ ಸುತ್ತಿ ಹಿಂದಿರುಗಬೇಕು. ದಕ್ಕೆಯಲ್ಲಿರುವಾಗ ಬಳಸಲು ಕರೆಂಟಿನ ಕಾಯಿಲ್ ಕೂಡ ಇದೆ.

ಎಂಜಿನ್ ಆರು ಸಿಲಿಂಡರಿನ ಡೀಸೆಲ್, ಕಡಲ ನೀರಿನಿಂದ ಕೂಲಂಟನ್ನು ತಣಿಸುವ ಹೀಟ್ ಎಕ್ಸ್‌ಚೇಂಜರ್ ಇರುವಂಥದ್ದು. ಕೆಳಗೆ ಜಾಗವಿಲ್ಲದೆ ಟ್ಯಾಂಕನ್ನು ವೀಲ್‌ಹೌಸಿನ ಹಿಂದಿನ ಅಡುಗೆಮೂಲೆಯಲ್ಲಿ, ಮಾಡಿನ ಕೆಳಗೆ ಕಟ್ಟಿದ್ದೇವೆ. ನಾಲ್ಕು ಗಂಟೆ ಎಂಜಿನ್ ಓಡಿದರೂ ನೀರು ಉಗುರುಬೆಚ್ಚಗೆ. ಮೇಲೆ ಹೋಗುವ ರಬ್ಬರ್ ಪೈಪು ಮೊದಲ ಎರಡು ಅಡಿ ಮುಟ್ಟಲಾಗದಷ್ಟು ಬಿಸಿ, ಹಿಂದಿರುಗುವ ಪೈಪು ತಣ್ಣಗೆ. ಎಂಜಿನ್ ವೇಗ ಹೆಚ್ಚಿಸಿದಾಗ ಟೆಂಪರೇಚರ್ ಮುಳ್ಳು ಥಟ್ಟನೆ ಏರಿ ಇಳಿಯುತ್ತದೆ. ಕರೆಂಟಿನಲ್ಲಿ ಕಾಯಿಸಿದ ದಿನ ಸೇಫ್ಟಿ ವಾಲ್ವಿನಿಂದ ನೀರು ಹನಿಯುತ್ತಿತ್ತು, ಪೋಲಾಗುವುದು ಬೇಡವೆಂದು ಅದರ ಬಾಯಿಗೆ ಹಿತ್ತಾಳೆಯ ಪ್ಲಗ್ ಬಿಗಿದೆವು. ತಪ್ಪು ಎಲ್ಲಿದೆ?

ಉಳ್ಳಾಲದ ಸದಸ್ಯರು:

ಎಂಜಿನ್ನಿನ ಪಂಪಿಗೆ ಅಷ್ಟು ಎತ್ತರ ತಳ್ಳುವ ಶಕ್ತಿ ಇಲ್ಲ ಅನಿಸುತ್ತದೆ. ನಡುವೆ 24 ವೋಲ್ಟಿನ ಸಣ್ಣ ಪಂಪ್ ಹಾಕಿ ನೋಡಿ.

ಬಂದರಿನ ಮೆಕ್ಯಾನಿಕ್, ಮಂಗಳೂರು:

ಉಳಿದದ್ದೆಲ್ಲ ಆಮೇಲೆ. ಮೊದಲು ಆ ಹಿತ್ತಾಳೆಯ ಪ್ಲಗ್ ತೆಗೆಯಿರಿ. ಇಂದೇ ತೆಗೆಯಿರಿ. ಅದನ್ನು ತೆಗೆಯುವವರೆಗೆ ಕರೆಂಟಿನ ಸ್ವಿಚ್ಚನ್ನು ಯಾರೂ ಮುಟ್ಟಬಾರದು ಎಂದು ಹುಡುಗರಿಗೆ ಹೇಳಿ.

ನೀರು ಕಾದಂತೆ ಹಿಗ್ಗುತ್ತದೆ. 28 ಡಿಗ್ರಿಯ 60 ಲೀಟರ್ ನೀರು 80 ಡಿಗ್ರಿಗೆ ಏರಿದರೆ ಸುಮಾರು ಒಂದೂವರೆ ಲೀಟರ್ ಹೆಚ್ಚಾಗುತ್ತದೆ. ತಣ್ಣೀರಿನ ದಾರಿಯಲ್ಲಿ ನೀರನ್ನು ಹಿಂದಕ್ಕೆ ಬಿಡದ ನಾನ್‌ರಿಟರ್ನ್ ವಾಲ್ವ್ ಇದ್ದರೆ ಆ ಒಂದೂವರೆ ಲೀಟರಿಗೆ ಹೋಗಲು ಬೇರೆ ದಾರಿಯೇ ಇಲ್ಲ. ನಿಮ್ಮ ವಾಲ್ವ್ ಹನಿದದ್ದು ದೋಷವಲ್ಲ, ಅದು ತನ್ನ ಕೆಲಸ ಮಾಡುತ್ತಿತ್ತು. ಬಾಯಿ ಕಟ್ಟಿದ ಟ್ಯಾಂಕಿನಲ್ಲಿ ಕರೆಂಟಿನ ಕಾಯಿಲಿನ ಬಿಸಿಗೆ ಮಿತಿ ಹಾಕುವ ಥರ್ಮೋಸ್ಟಾಟ್ ಒಂದು ಸಲ ಕೈಕೊಟ್ಟರೂ ನೀರು ನೂರು ಡಿಗ್ರಿ ದಾಟುತ್ತದೆ, ಬೆಸುಗೆ ಬಿಟ್ಟ ಕ್ಷಣದಲ್ಲಿ ಅದರ ಒಂದು ಪಾಲು ಥಟ್ಟನೆ ಆವಿಯಾಗಿ ಸಿಡಿಯುತ್ತದೆ. ಅದೇ ಮೂಲೆಯಲ್ಲಿ ನಿಮ್ಮ ಅಡುಗೆಯವರು ನಿಂತಿರುತ್ತಾರೆ. ಹನಿಯುವುದು ಬೇಡವಾದರೆ ಬಿಸಿನೀರಿನ ಬದಿಗೆ ಹಿಗ್ಗಿದ ನೀರಿಗೆ ಜಾಗ ಕೊಡುವ ನಾಲ್ಕೈದು ಲೀಟರಿನ ಎಕ್ಸ್‌ಪಾನ್ಷನ್ ಟ್ಯಾಂಕ್ ಹಾಕಿ. ವಾಲ್ವಿನ ಬಾಯಿಗೆ ಒಂದು ಕೊಳವೆ ಸಿಕ್ಕಿಸಿ ಕೆಳಕ್ಕೆ ಇಳಿಬಿಡಿ, ಅದರ ತುದಿ ಸದಾ ತೆರೆದೇ ಇರಲಿ.

ಈಗ ನಿಮ್ಮ ಪ್ರಶ್ನೆ. ಒಂದು ಪೈಪು ಬಿಸಿ, ಇನ್ನೊಂದು ತಣ್ಣಗೆ ಎಂದರೆ ಕೂಲಂಟ್ ಸುತ್ತುತ್ತಿಲ್ಲ. ಕಾರಣ ಬಹುತೇಕ ಗಾಳಿ. ಕೂಲಂಟ್ ತುಂಬಿಸುವ ಮುಚ್ಚಳ ಎಂಜಿನ್ನಿನ ಮೇಲಿದೆ, ನಿಮ್ಮ ಸುರುಳಿ ಅದಕ್ಕಿಂತ ಎಷ್ಟೋ ಅಡಿ ಎತ್ತರದಲ್ಲಿದೆ. ಮುಚ್ಚಳದ ಮಟ್ಟಕ್ಕಿಂತ ಮೇಲಿರುವ ಸುರುಳಿ ನೀವು ಎಷ್ಟು ಸುರಿದರೂ ತಾನಾಗಿ ತುಂಬುವುದಿಲ್ಲ, ಅಲ್ಲಿ ಗಾಳಿ ಕೂತುಬಿಡುತ್ತದೆ. ಬಾವಿಯ ಪೈಪಿಗೆ ಗಾಳಿ ಹೊಕ್ಕರೆ ಪಂಪ್ ಸುಮ್ಮನೆ ತಿರುಗುತ್ತದಲ್ಲ, ಇಲ್ಲೂ ಹಾಗೆಯೇ. ಆದ್ದರಿಂದ ಇನ್ನೊಂದು ಪಂಪ್ ಹಾಕುವ ಸಲಹೆ ನನಗೆ ಒಪ್ಪಿಗೆಯಿಲ್ಲ, ಗಾಳಿ ಇರುವವರೆಗೆ ಅದೂ ಸುಮ್ಮನೆ ತಿರುಗುತ್ತದೆ. ಮುಳ್ಳು ಏರಿಳಿಯುವುದೂ ಅದೇ ಗಾಳಿಯಿಂದ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಸಿಲಿಂಡರ್ ಹೆಡ್ಡಿನಲ್ಲಿ ಗಾಳಿ ಸಿಕ್ಕಿಕೊಂಡರೆ ಗ್ಯಾಸ್ಕೆಟ್ ಹೋಗುತ್ತದೆ.

ದಾರಿ ಎರಡಿದೆ. ಸುರುಳಿಗಿಂತ ಎತ್ತರದಲ್ಲಿ ಕೂಲಂಟ್ ತುಂಬಿಸುವ ಬೇರೆ ಹೆಡರ್ ಟ್ಯಾಂಕ್ ಇಟ್ಟು, ಒತ್ತಡದ ಮುಚ್ಚಳವನ್ನು ಅದಕ್ಕೆ ಕೊಟ್ಟು, ಎಂಜಿನ್ನಿನ ಮೇಲಿನದಕ್ಕೆ ಒತ್ತಡ ಬಿಡದ ಸಾದಾ ಮುಚ್ಚಳ ಹಾಕುವುದು ಒಂದು. ಟ್ಯಾಂಕನ್ನೇ ಕೆಳಗಿಳಿಸುವುದು ಇನ್ನೊಂದು. ಅಲುಗಾಡುವ ದೋಣಿಯಲ್ಲಿ 60 ಲೀಟರ್ ಭಾರ ಮಾಡಿನ ಕೆಳಗೆ ಇರುವುದಕ್ಕಿಂತ ತಳದಲ್ಲಿ ಇರುವುದೇ ಲೇಸು. ನಾನಾದರೆ ಎರಡನೆಯದನ್ನೇ ಮಾಡುತ್ತೇನೆ.

ಪೈಪು ಬಿಚ್ಚಿದಾಗ ಜೋಡಣೆಯನ್ನೂ ನೋಡಿ. ಬಿಸಿ ಕೂಲಂಟನ್ನು ಹೆಡ್ಡಿನಿಂದ, ಎಂಜಿನ್ನಿನ ಥರ್ಮೋಸ್ಟಾಟಿಗಿಂತ ಮೊದಲೇ ತೆಗೆಯಬೇಕು, ಹಿಂದಿರುಗುವುದು ಪಂಪ್ ಹೀರುವ ಬದಿಗೆ ಸೇರಬೇಕು. ಎರಡೂ ಒಂದೇ ಬದಿಗಿದ್ದರೆ ಒತ್ತಡದ ವ್ಯತ್ಯಾಸವಿಲ್ಲದೆ ಹರಿವೇ ಹುಟ್ಟುವುದಿಲ್ಲ. ಟ್ಯಾಂಕಿಗೆ ತಣ್ಣೀರು ತಳದಲ್ಲಿ ಬರಬೇಕು, ಬಿಸಿನೀರು ನೆತ್ತಿಯಿಂದ ಹೊರಡಬೇಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳ ತೆರೆಯಿರಿ.

ಮಲ್ಪೆ ದೋಣಿಯವರು:

ಪ್ಲಗ್ ಅಂದೇ ತೆಗೆದೆ. ಅದು ಅಪಾಯವೆಂದು ನಿಜಕ್ಕೂ ನನಗೆ ತಿಳಿದಿರಲಿಲ್ಲ. ಎಚ್ಚರಿಸಿದ್ದಕ್ಕೆ ನಮ್ಮ ದೋಣಿಯ ಎಲ್ಲರೂ ಋಣಿ.

ಬ್ಯಾಟರಿ ಪೆಟ್ಟಿಗೆಯನ್ನು ಸರಿಸಿ ಎಂಜಿನ್ ಕೋಣೆಯ ಪಕ್ಕದ ಗೋಡೆಗೆ ಟ್ಯಾಂಕ್ ಇಳಿಸಿದೆವು. ಮಟ್ಟ ನೋಡಲು ಗಾರೆ ಕೆಲಸದವರ ಪಾರದರ್ಶಕ ಕೊಳವೆ ತಂದೆ. ಒಂದು ತುದಿ ಎಂಜಿನ್ನಿನ ಮುಚ್ಚಳದ ಬಳಿ, ಇನ್ನೊಂದು ಟ್ಯಾಂಕಿನ ಪಕ್ಕ. ಪಕ್ಕದ ದೋಣಿ ತಾಗಿದಾಗಲೆಲ್ಲ ಕೊಳವೆಯ ನೀರು ಓಲಾಡುತ್ತಿತ್ತು, ನಿಲ್ಲುವವರೆಗೆ ಕಾದು ಗೆರೆ ಹಾಕಿದೆವು. ಈಗ ಸುರುಳಿಯ ನೆತ್ತಿ ಮುಚ್ಚಳಕ್ಕಿಂತ ನಾಲ್ಕು ಇಂಚು ಕೆಳಗಿದೆ.

ಮೇಲಿನ ಪೈಪಿನ ಕ್ಲಾಂಪ್ ಸ್ವಲ್ಪ ಸಡಿಲಿಸಿ ಕೂಲಂಟ್ ಸುರಿಯುತ್ತಾ ಹೋದೆ. ಮೊದಲು ಬುಸ್ ಎಂದು ಗಾಳಿ, ಆಮೇಲೆ ಹಸಿರು ನೊರೆ, ಕೊನೆಗೆ ಗುಳ್ಳೆಯಿಲ್ಲದ ಹಸಿರು ಧಾರೆ. ಎರಡು ಲೀಟರಿಗೂ ಹೆಚ್ಚು ಕುಡಿಯಿತು. ಕಾಪು ದೀಪಸ್ತಂಭದ ನೇರದವರೆಗೆ ಹೋಗಿ ಬಂದೆವು. ಎರಡೂ ಪೈಪು ಬಿಸಿ, ಮುಳ್ಳು ಅಲುಗಾಡಲಿಲ್ಲ, ನಲ್ಲಿಯಲ್ಲಿ 72 ಡಿಗ್ರಿ. ಅಡುಗೆಯವರು ಮೊದಲ ಬಕೆಟ್ ಹಿಡಿದು ಅದರಲ್ಲಿ ಕೈ ಅದ್ದಲು ಹೋದರು, ನಾನು ತಡೆದೆ. ಹದವಾಗುವಷ್ಟು ತಣ್ಣೀರು ಬೆರೆಸಿ ಮಿಂದರು. ಈ ನೀರನ್ನು ಅನ್ನಕ್ಕೆ ಇಡಬಹುದೇ ಎಂದು ಕೇಳುತ್ತಿದ್ದಾರೆ.

ಬಂದರಿನ ಮೆಕ್ಯಾನಿಕ್, ಮಂಗಳೂರು:

ಬೇಡ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಸಿಹಿಯಾದ್ದರಿಂದ ನಾಲಿಗೆ ಎಚ್ಚರಿಸುವುದಿಲ್ಲ. ಸುರುಳಿಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಅದು ನೀರಿಗೆ ಸೇರಬಹುದು. ಹಾಗೆಂದು ಕೂಲಂಟ್ ಬಿಟ್ಟು ಬರೀ ನೀರು ತುಂಬಿಸಬೇಡಿ, ನಮ್ಮ ಕರಾವಳಿಯಲ್ಲಿ ಹೆಪ್ಪುಗಟ್ಟುವ ಭಯವಿಲ್ಲದಿದ್ದರೂ ತುಕ್ಕು ತಡೆಯಲು ಅದು ಬೇಕೇ ಬೇಕು. ಪ್ರತಿದಿನ ಬೆಳಿಗ್ಗೆ, ಎಂಜಿನ್ ಚಾಲೂ ಮಾಡುವ ಮೊದಲು ಕೂಲಂಟ್ ಮಟ್ಟ ನೋಡುವ ಅಭ್ಯಾಸ ಇರಲಿ. ಇಳಿದರೆ ಸೋರಿಕೆ ಎಂದು ಎಲ್ಲರೂ ಹುಡುಕುತ್ತಾರೆ, ಏರಿದರೂ ಹುಡುಕಬೇಕು. ನಲ್ಲಿಯ ಪಂಪಿನ ಒತ್ತಡ ಕೂಲಂಟಿನದಕ್ಕಿಂತ ಹೆಚ್ಚಿದ್ದಾಗ ಸ್ನಾನದ ನೀರೇ ತೂತಿನ ಮೂಲಕ ಎಂಜಿನ್ನಿಗೆ ನುಗ್ಗುತ್ತದೆ.

60 ಡಿಗ್ರಿಯ ನೀರೇ ಕೆಲವು ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ, ನಿಮ್ಮದು 72. ಬೆರೆಸಿ ಕೊಡುವ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಒಂದನ್ನು ತಂದು 45ಕ್ಕೆ ಇಡಿ. ಅದು ಬರುವವರೆಗೆ ನಲ್ಲಿಯ ಪಕ್ಕ ನೀರು ಸುಡುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ಓದಲು ಬಾರದ ಹುಡುಗರಿದ್ದರೆ ಕರೆದು ತೋರಿಸಿ. ಮೊದಲ ಟ್ರಿಪ್ ಮುಗಿಸಿ ಬಂದಾಗ ಕ್ಲಾಂಪುಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಿ, ಹೊಸ ರಬ್ಬರು ಬಿಸಿಗೆ ಸ್ವಲ್ಪ ಕುಗ್ಗಿ ಕೂರುತ್ತದೆ.