ಸಹಾಯ ಬೇಕು: ಕಾಡಿಗೆ ಒಲಿದ ಹುಡುಗನಿಗೊಬ್ಬ ಗುರು

ನನ್ನ ಅಕ್ಕನ ಮಗನಿಗೆ 16 ವರ್ಷ. ಅಪ್ಪ ತೀರಿಕೊಂಡ ಮೇಲೆ ಶಾಲೆ ಬಿಟ್ಟ, ಮಾತು ಬಿಟ್ಟ, ಎರಡು ಬಾರಿ ಮನೆಯನ್ನೂ ಬಿಟ್ಟು ಹೋದ. ಜೂನ್‌ನಿಂದ ಆಗುಂಬೆ ಹತ್ತಿರದ ನಮ್ಮ ತೋಟದಲ್ಲಿದ್ದಾನೆ. ಬಾವಿಯ ಮೇಲೆ ಬಾಗಿದ ಕೊಂಬೆಯಲ್ಲಿ ಹಾರುವ ಕಪ್ಪೆ ಕಟ್ಟಿದ ನೊರೆಗೂಡನ್ನು ಮಳೆಯಲ್ಲಿ ನೆನೆಯುತ್ತಲೇ ದಿನವೂ ಕಾದ. ಗೊದಮೊಟ್ಟೆಗಳು ನೀರಿಗೆ ಉದುರತೊಡಗಿದ ರಾತ್ರಿ ನನ್ನನ್ನು ಎಬ್ಬಿಸಿ, "ಮಾಮಾ, ಬೀಳುತ್ತಿವೆ" ಎಂದ. ಎಷ್ಟೋ ತಿಂಗಳ ಮೇಲೆ ಅವನಾಗಿಯೇ ಆಡಿದ ಮೊದಲ ಮಾತು ಅದು.

ಆಪ್ತಸಮಾಲೋಚನೆ ನಡೆಯುತ್ತಿದೆ, ಅದನ್ನು ನಿಲ್ಲಿಸುವುದಿಲ್ಲ. ಆದರೆ ನಾನು ಅಡಿಕೆ ಬೆಳೆಗಾರ. ಅವನ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿಲ್ಲ. ಕಾಳಿಂಗ ಸರ್ಪದ ಸೀಮೆಯಿದು, ಒಬ್ಬನನ್ನೇ ಅಲೆಯಲು ಬಿಡಲಾರೆ. ತೀರ್ಥಹಳ್ಳಿ, ಶೃಂಗೇರಿ ಕಡೆ ಕಪ್ಪೆ, ಹಾವುಗಳನ್ನು ಬಲ್ಲವರು ವಾರಕ್ಕೊಮ್ಮೆ ನಮ್ಮಿಬ್ಬರನ್ನೂ ಜೊತೆಗೆ ಕರೆದೊಯ್ಯುವಿರಾ? ಶಿಸ್ತು ಕಲಿಸುವ ಶಿಬಿರ ಬೇಡ.