ಅಪ್‌ಡೇಟ್: ಗ್ರೋ ಲೈಟ್ ಕೆಳಗಿನ ಮನಿಪ್ಲಾಂಟ್ ಕೊನೆಗೂ ಚಿಗುರಿತು
ಕತ್ತಲೆ ಮೂಲೆಯ ಮನಿಪ್ಲಾಂಟ್ ಗ್ರೋ ಲೈಟ್ (ಗಿಡ ಬೆಳೆಯೋಕೆ ಅಂತಲೇ ಹಾಕೋ ದೀಪ) ಹಾಕಿದರೂ ಸೊರಗಿ ಉದ್ದುದ್ದ ಬೆಳೀತಿದೆ, ಎಲೆ ಹಳದಿಯಾಗ್ತಿದೆ ಅಂತ ಕೇಳಿದ್ದೆನಲ್ಲ, ಅದರ ಕಥೆ ಇಷ್ಟು. ಗೆದ್ದಿದ್ದು ‘ಲೈಟನ್ನು ಕೆಳಗಿಳಿಸಿ’ ಅಂದವರ ಮಾತು. ಮೂರಡಿ ಮೇಲಿದ್ದದ್ದನ್ನು ಒಂದಡಿಗೆ ತಂದು, ಟೈಮರ್ ಇಟ್ಟು ದಿನಕ್ಕೆ 12 ಗಂಟೆ ಉರಿಸಿದೆ. ಬಲ್ಬಿನ ದೂರ ಅರ್ಧವಾದರೆ ಬೆಳಕು ಹೆಚ್ಚುಕಮ್ಮಿ ನಾಲ್ಕು ಪಟ್ಟು. ನಮ್ಮ ಕಣ್ಣಿಗೆ ಅಷ್ಟು ವ್ಯತ್ಯಾಸ ಗೊತ್ತೇ ಆಗಲ್ಲ. ಹೊಸ ಚಿಗುರಲ್ಲಿ ಗಿಣ್ಣಿಂದ ಗಿಣ್ಣಿಗೆ ಎರಡೇ ಬೆರಳು, ಮೊದಲು ಗೇಣುದ್ದ ಇತ್ತು! ಗೊಬ್ಬರದ ಸಲಹೆ ಕೈಕೊಟ್ಟಿತು, ಎಲೆ ತುದಿ ಸುಟ್ಟಿದ್ದೇ ಬಂತು. ನೇರಳೆ ಬಲ್ಬೂ ಬಿಳಿ ಎಲ್‌ಇಡಿಗಿಂತ ಹೆಚ್ಚೇನೂ ಕಿಸಿಯಲಿಲ್ಲ. ಹಳದಿಗೆ ಕಾರಣ ಮಾತ್ರ ನಾನೇ: ಬೆಳಕು ಕಮ್ಮಿಯಾದರೆ ಗಿಡ ಕುಡಿಯೋ ನೀರೂ ಕಮ್ಮಿ, ನಾನು ದಿನಾ ಸುರೀತಿದ್ದೆ. ಉದ್ದವಾದ ಹಳೇ ಬಳ್ಳಿ ಗಿಡ್ಡ ಆಗಲ್ಲವಲ್ಲ, ಕತ್ತರಿಸಿ ನೀರಲ್ಲಿಟ್ಟಿದೀನಿ. ಬೇರು ಇಣುಕ್ತಿದೆ.