ಆಟದಲ್ಲಿ ಸಿಕ್ಕ ‘ಅಣ್ಣ’, ಅಜ್ಜಿಯ ಫೋನು ಮತ್ತು ನಮ್ಮ ಮಕ್ಕಳು: ಪೋಷಕರ ಗುಂಪಿನಲ್ಲಿ ಪ್ರಶ್ನೋತ್ತರ

ಪ್ರಶ್ನೆ (ಒಬ್ಬ ತಾಯಿ, ವಿಜಯನಗರ): ನಮಸ್ಕಾರ ಮೇಡಂ. ನನ್ನ ಮಗನಿಗೆ ಹನ್ನೆರಡು ವರ್ಷ, ಏಳನೆಯ ತರಗತಿ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಶಾಲೆಯಿಂದ ಬಂದ ಮೇಲೆ ನಾವು ಮನೆ ಸೇರುವ ತನಕ ಅವನು ಅಜ್ಜಿಯ ಜೊತೆಗಿರುತ್ತಾನೆ, ಅಜ್ಜಿಯ ಫೋನಿನಲ್ಲೇ ಫ್ರೀ ಫೈರ್ ಮ್ಯಾಕ್ಸ್ ಆಡುತ್ತಾನೆ. ಕಳೆದ ವಾರ ಅಜ್ಜಿಯ ವಾಟ್ಸಾಪ್‌ನಲ್ಲಿ ಗೊತ್ತಿಲ್ಲದ ನಂಬರಿನಿಂದ ಬಂದ ಸಂದೇಶಗಳು ಕಣ್ಣಿಗೆ ಬಿದ್ದವು. ಆಟದಲ್ಲಿ ಪರಿಚಯವಾದ ‘ಅಣ್ಣ’ ಎಂದು ಮಗ ಹೇಳುತ್ತಾನೆ. ಆ ‘ಅಣ್ಣ’ ಡೈಮಂಡ್ (ಆಟದೊಳಗಿನ ನಾಣ್ಯ) ಕೊಡಿಸುತ್ತೇನೆಂದು ಆಸೆ ತೋರಿಸಿ, ಮೊದಲು ಶಾಲೆಯ ಹೆಸರನ್ನೂ ಆಮೇಲೆ ಯೂನಿಫಾರ್ಮ್ ಹಾಕಿಕೊಂಡ ಫೋಟೋವನ್ನೂ ಕೇಳಿದ್ದಾನೆ. ಕೊನೆಯಲ್ಲಿ ‘ಅಮ್ಮಂಗೆ ಹೇಳ್ಬೇಡ, ಬೈತಾರೆ, ಡಿಲೀಟ್ ಮಾಡ್ಬಿಡು’ ಎಂದು ಬರೆದಿದ್ದಾನೆ. ನನಗೆ ಕೈಕಾಲು ನಡುಗಿ ಹೋಯಿತು. ಸಿಟ್ಟಿನಲ್ಲಿ ಮಗನಿಗೆ ಎರಡೇಟು ಹಾಕಿ, ನಂಬರ್ ಬ್ಲಾಕ್ ಮಾಡಿ, ಆಟವನ್ನೂ ತೆಗೆದುಹಾಕಿದೆ. ಅಂದಿನಿಂದ ಅವನು ಊಟದ ತಟ್ಟೆ ಹಿಡಿದುಕೊಂಡು ಕೋಣೆಗೆ ಹೋಗಿಬಿಡುತ್ತಾನೆ, ಕೇಳಿದ್ದಕ್ಕಷ್ಟೇ ಉತ್ತರ. ನಾನು ಮಾಡಿದ್ದು ತಪ್ಪೇ? ಈಗ ಏನು ಮಾಡಲಿ?

ಉತ್ತರ (ಶಾಲಾ ಆಪ್ತಸಮಾಲೋಚಕಿ): ನಮಸ್ಕಾರ. ಅಪಾಯವನ್ನು ಸಕಾಲದಲ್ಲಿ ಗುರುತಿಸಿದ್ದೀರಿ, ಅದು ದೊಡ್ಡ ವಿಷಯ. ಹೊಡೆದದ್ದು ಮಾತ್ರ ತಪ್ಪು, ಅದನ್ನು ಮಗನ ಎದುರೇ ಒಪ್ಪಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ‘ಅಮ್ಮನಿಗೆ ಹೇಳಿದರೆ ಬೈಯುತ್ತಾರೆ’ ಎಂದು ಆ ವ್ಯಕ್ತಿ ಮೊದಲೇ ಹೇಳಿಟ್ಟಿದ್ದ. ನೀವು ಕೈಯೆತ್ತಿದ ಕ್ಷಣದಲ್ಲಿ ಮಗುವಿನ ಪಾಲಿಗೆ ಅವನ ಮಾತು ನಿಜವಾಯಿತು, ನಿಮ್ಮ ಮಾತು ಸುಳ್ಳಾಯಿತು. ಮಕ್ಕಳನ್ನು ಪುಸಲಾಯಿಸಿ ಬಲೆಗೆ ಬೀಳಿಸುವವರು ಕಾಯುವುದೇ ಈ ಬಿರುಕಿಗಾಗಿ. ಅವರ ನಡೆಯೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ: ಮೊದಲು ಉಡುಗೊರೆ, ಆಮೇಲೆ ಎಲ್ಲರಿಗೂ ಕಾಣುವ ಆಟದಿಂದ ಯಾರಿಗೂ ಕಾಣದ ವಾಟ್ಸಾಪಿಗೋ ಡಿಸ್ಕಾರ್ಡಿಗೋ ಕರೆದುಕೊಂಡು ಹೋಗುವುದು, ಆಮೇಲೆ ಗುಟ್ಟು. ಫೋಟೋ ಕೇಳಿದ್ದಕ್ಕಿಂತಲೂ ‘ಹೇಳಬೇಡ’ ಎಂದದ್ದು ನನಗೆ ಹೆಚ್ಚು ಆತಂಕ ಹುಟ್ಟಿಸುವ ಮಾತು. ಆಟದಲ್ಲಿ ನಿಜವಾಗಿ ಸ್ನೇಹಿತನಾದವನಿಗೆ ಅಮ್ಮನಿಂದ ಮುಚ್ಚಿಡುವ ಅಗತ್ಯವೇ ಬರುವುದಿಲ್ಲವೆಂದು ಮಗನಿಗೆ ಇದೇ ಉದಾಹರಣೆ ಇಟ್ಟುಕೊಂಡು ಹೇಳಬಹುದು.

ಮಾತನಾಡಲು ಮಗನನ್ನು ಎದುರಿಗೆ ಕೂರಿಸಿಕೊಳ್ಳಬೇಡಿ, ಅದು ವಿಚಾರಣೆಯಂತೆ ಕಾಣುತ್ತದೆ. ಕೈಗೆ ಕೆಲಸವಿದ್ದು ಕಣ್ಣಿಗೆ ಕಣ್ಣು ಸೇರದಿರುವಾಗ ಮಕ್ಕಳ ಬಾಯಿ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಹಿತಕಿದ ಬೇಳೆಗೆ ಅವರೆಕಾಳು ಹಿತುಕುತ್ತ ಅಮ್ಮನ ಪಕ್ಕದಲ್ಲಿ ಕುಳಿತಿದ್ದಾಗ ಹೇಳಿಕೊಂಡೆನೆಂದು, ಸ್ಕೂಟರಿನ ಹಿಂದೆ ಕುಳಿತು ಅಪ್ಪನ ಬೆನ್ನಿಗೆ ಹೇಳಿದೆನೆಂದು ಮಕ್ಕಳೇ ನನಗೆ ತಿಳಿಸಿದ್ದಾರೆ. ಮೊದಲ ಮಾತು ನಿಮ್ಮದಾಗಿರಲಿ: ‘ಅವತ್ತು ನಾನು ಹೆದರಿಬಿಟ್ಟಿದ್ದೆ ಕಂದ, ಹೆದರಿಕೆಯಲ್ಲಿ ಹೊಡೆದೆ, ಹೊಡೆಯಬಾರದಿತ್ತು. ತಪ್ಪು ಅವನದು, ನಿನ್ನದಲ್ಲ. ಇನ್ನೇನು ಕೇಳಿದ್ದರೂ, ನೀನು ಏನು ಕಳಿಸಿದ್ದರೂ ಹೇಳು, ನಾನು ಬೈಯುವುದಿಲ್ಲ, ಆಟವನ್ನು ಶಾಶ್ವತವಾಗಿ ಕಿತ್ತುಕೊಳ್ಳುವುದೂ ಇಲ್ಲ.’ ಕೊನೆಯ ಮಾತನ್ನು ಬಿಡಬೇಡಿ. ನನ್ನ ಬಳಿ ಬರುವ ಮಕ್ಕಳನ್ನು ‘ಮನೆಯಲ್ಲಿ ಏಕೆ ಹೇಳಲಿಲ್ಲ?’ ಎಂದು ಕೇಳಿದರೆ ಮತ್ತೆಮತ್ತೆ ಸಿಗುವ ಉತ್ತರ ‘ಫೋನ್ ಕಿತ್ಕೋತಾರೆ ಮಿಸ್’ ಎಂಬುದೇ.

ನಂಬರ್ ಬ್ಲಾಕ್ ಮಾಡಿದ್ದು ಸರಿ. ಆದರೆ ಆ ಸಂದೇಶಗಳನ್ನು ಅಳಿಸಬೇಡಿ. ಬ್ಲಾಕ್ ಮಾಡಿದ ಮೇಲೂ ಹಳೆಯ ಮಾತುಕತೆ ಫೋನಿನಲ್ಲಿ ಉಳಿದಿರುತ್ತದೆ. ನಂಬರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಮಗನಿಗೆ ನೆನಪಿದ್ದರೆ ಆಟದಲ್ಲಿ ಆ ವ್ಯಕ್ತಿಯ ಹೆಸರು ಮತ್ತು ಯುಐಡಿ (ಆಟಗಾರನ ಗುರುತಿನ) ಸಂಖ್ಯೆಯನ್ನೂ ಬರೆದುಕೊಳ್ಳಿ. ಸೈಬರ್‌ಕ್ರೈಮ್.ಗವ್.ಇನ್ ಎಂಬ ಕೇಂದ್ರ ಸರ್ಕಾರದ ಜಾಲತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ಅಪರಾಧಗಳಿಗೆಂದೇ ಪ್ರತ್ಯೇಕ ವಿಭಾಗವಿದ್ದು, ಮನೆಯಿಂದಲೇ ಅಲ್ಲಿ ದೂರು ದಾಖಲಿಸಬಹುದು. ನೇರವಾಗಿ ಹೋಗುವುದಾದರೆ ನಮ್ಮ ಬೆಂಗಳೂರಿನ ಪೊಲೀಸ್ ವಿಭಾಗಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಇರುವ ಸೆನ್ ಠಾಣೆಗಳಿವೆ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿ. ಇಷ್ಟಕ್ಕೆಲ್ಲ ದೂರೇ ಎಂದು ಅನ್ನಿಸಬಹುದು. ಆ ನಂಬರಿನಿಂದ ಇನ್ನೆಷ್ಟು ಮಕ್ಕಳಿಗೆ ಇದೇ ಸಂದೇಶ ಹೋಗಿದೆಯೋ ಏನೋ, ದಯವಿಟ್ಟು ಕೊಡಿ.

ಅಜ್ಜಿಯ ಫೋನಿನ ಬಗ್ಗೆ ಒಂದು ಮಾತು. ಎಷ್ಟೋ ಮನೆಗಳಲ್ಲಿ ಮಗುವಿನ ಮೊದಲ ಫೋನು ಅದೇ, ಬೀಗವಿಲ್ಲದ ಫೋನೂ ಅದೇ, ಪಿಂಚಣಿ ಖಾತೆಯ ಓಟಿಪಿ ಬರುವುದೂ ಅದಕ್ಕೇ. ಅಜ್ಜಿಯ ಮೇಲೆ ತಪ್ಪು ಹೊರಿಸದೆ, ಅವರ ಜೊತೆ ಕುಳಿತು ವಾಟ್ಸಾಪ್‌ನ ಪ್ರೈವೆಸಿ ಭಾಗದಲ್ಲಿ ಪ್ರೊಫೈಲ್ ಫೋಟೋ ಮತ್ತು ಗುಂಪುಗಳಿಗೆ ಸೇರಿಸುವ ಅನುಮತಿ ಎರಡನ್ನೂ ‘ನನ್ನ ಸಂಪರ್ಕಗಳು’ ಎಂದು ಬದಲಾಯಿಸಿಕೊಡಿ.

ಅದೇ ತಾಯಿ: ಮೇಡಂ, ನಿನ್ನೆ ರಾತ್ರಿ ಕೇಳಿದೆ. ಫೋಟೋ ಒಂದು ಕಳಿಸಿದ್ದಾನಂತೆ, ಯೂನಿಫಾರ್ಮಿನಲ್ಲಿ, ಕೊರಳಲ್ಲಿ ಐಡಿ ಕಾರ್ಡಿದೆ.

ಉತ್ತರ: ಹೇಳಿದನಲ್ಲ, ಅದು ಒಳ್ಳೆಯ ಲಕ್ಷಣ. ಆ ಫೋಟೋವನ್ನು ದೊಡ್ಡದು ಮಾಡಿ ನೋಡಿ, ಕಾರ್ಡಿನ ಮೇಲೆ ಏನೇನು ಓದಲು ಬರುತ್ತದೆಯೋ ಅದೆಲ್ಲವೂ ಅವನಿಗೆ ಗೊತ್ತಾಗಿದೆಯೆಂದು ತಿಳಿದು ನಡೆಯಬೇಕು. ಸಾಮಾನ್ಯವಾಗಿ ಮಗುವಿನ ಹೆಸರು, ತರಗತಿ, ತಂದೆಯ ಮೊಬೈಲ್ ನಂಬರು, ಕೆಲವು ಕಾರ್ಡುಗಳಲ್ಲಿ ವಿಳಾಸವೂ ಇರುತ್ತದೆ. ಶಾಲೆಯ ಮುಖ್ಯೋಪಾಧ್ಯಾಯರಿಗೆ ವಿಷಯ ತಿಳಿಸಿ, ನೀವು ಹೇಳಿದವರ ಹೊರತು ಬೇರೆ ಯಾರ ಜೊತೆಗೂ ಮಗುವನ್ನು ಕಳಿಸಬಾರದೆಂದು ಲಿಖಿತವಾಗಿ ಕೊಡಿ. ವ್ಯಾನ್ ಚಾಲಕರಿಗೂ ಅಷ್ಟನ್ನೇ ಹೇಳಿ. ಫೋಟೋದ ವಿಷಯವನ್ನು ದೂರಿನಲ್ಲಿ ಸೇರಿಸಿ.

ಪ್ರಶ್ನೆ (ಹೆಸರು, ಊರು ಬೇಡವೆಂದು ಅಡ್ಮಿನ್ ಮೂಲಕ ಕಳಿಸಿದ್ದು): ನನ್ನ ಅಣ್ಣನ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಅವಳ ಇನ್‌ಸ್ಟಾಗ್ರಾಂನಲ್ಲಿದ್ದ ಹಬ್ಬದ ಫೋಟೋ ತೆಗೆದುಕೊಂಡು ಯಾರೋ ಎಐ ಬಳಸಿ ಅಸಹ್ಯವಾಗಿ ತಿದ್ದಿ ಅವಳಿಗೇ ಕಳಿಸಿ, ಐದು ಸಾವಿರ ಕೊಡದಿದ್ದರೆ ಶಾಲೆಯವರಿಗೆಲ್ಲ ಕಳಿಸುತ್ತೇನೆಂದು ಹೆದರಿಸುತ್ತಿದ್ದಾರೆ. ಮೊನ್ನೆ ಅತ್ತಿಗೆಯ ಫೋನಿನಿಂದ ಯಾರಿಗೂ ಗೊತ್ತಿಲ್ಲದಂತೆ ಎಂಟುನೂರು ರೂಪಾಯಿ ಕಳಿಸಿದ್ದಾಳೆ. ‘ಅಪ್ಪಂಗೆ ಹೇಳ್ಬೇಡಿ ಚಿಕ್ಕಪ್ಪ, ಸಾಯಿಸಿಬಿಡ್ತಾರೆ’ ಎಂದು ನನ್ನ ಹತ್ತಿರ ಅತ್ತಳು. ಉಳಿದ ದುಡ್ಡು ನಾನೇ ಕೊಟ್ಟು ಮುಗಿಸಿಬಿಡಲೇ?

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಎಂಟುನೂರು ಸಿಕ್ಕ ಮೇಲೂ ಬೆದರಿಕೆ ನಿಲ್ಲಲಿಲ್ಲವೆಂಬುದನ್ನು ಗಮನಿಸಿ. ಕೊಡುವ ಮನೆ ಎಂದು ಗೊತ್ತಾದರೆ ಕೇಳುವ ಮೊತ್ತ ಏರುತ್ತದೆ. ಕಳಿಸಿದ ಹಣದ ವಿಷಯವನ್ನು ಈ ಸಂದೇಶ ಓದಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ತಿಳಿಸಿ. ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಹಿಡಿಯಲು ಸಾಧ್ಯವಿದೆ, ತಡವಾದಷ್ಟೂ ಅದು ಬೇರೆ ಖಾತೆಗಳಿಗೆ ಹರಿದುಹೋಗುತ್ತದೆ. ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ.

ತಿದ್ದಿದ ಚಿತ್ರವಾದ್ದರಿಂದ ಅಪರಾಧವಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಅಥವಾ ಮಾರ್ಪಡಿಸಿದ, ಮಗುವಿನದೆಂದೇ ತೋರುವ ಇಂತಹ ಚಿತ್ರವೂ ಅದರ ವ್ಯಾಪ್ತಿಗೆ ಬರುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಕೂಡ ಇದೆ. ಆ ಚಿತ್ರವನ್ನು ನನಗಾಗಲಿ, ಅಣ್ಣನಿಗಾಗಲಿ, ವಕೀಲರಿಗಾಗಲಿ ಫಾರ್ವರ್ಡ್ ಮಾಡಬೇಡಿ. ಇಟ್ಟುಕೊಳ್ಳುವುದೂ ಹಂಚುವುದೂ ಎಷ್ಟು ಗಂಭೀರವೆಂಬುದನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಏನನ್ನೂ ಅಳಿಸದೆ ಫೋನನ್ನು ಇದ್ದ ಹಾಗೆಯೇ ಪೊಲೀಸರಿಗೆ ತೋರಿಸಿ. ಬೆದರಿಕೆಯ ಸಂದೇಶಗಳು ಮತ್ತು ಆ ಖಾತೆಯ ಹೆಸರಿನ ಸ್ಕ್ರೀನ್‌ಶಾಟ್ ಸಾಕು.

ಠಾಣೆ ಎಂದರೆ ಹೆಣ್ಣುಮಗುವಿನ ಮನೆಯವರು ಹಿಂಜರಿಯುತ್ತಾರೆ, ಆ ಸಂಕಟ ನನಗೆ ಅರ್ಥವಾಗುತ್ತದೆ. ಆದ್ದರಿಂದ ಪೋಕ್ಸೊ ಕಾಯ್ದೆ ಏನು ಹೇಳುತ್ತದೆಂದು ತಿಳಿದುಕೊಂಡೇ ಹೋಗಿ. ಮಗುವಿನ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಬಯಸಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದ ಮಟ್ಟಿಗೆ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು. ಆ ಹೊತ್ತಿನಲ್ಲಿ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ತಂದೆತಾಯಿ ಅಥವಾ ಅವಳು ನಂಬುವ ಒಬ್ಬರು ಜೊತೆಗಿರಬೇಕು. ಯಾವ ಕಾರಣಕ್ಕೂ ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಅವಳ ಹೆಸರು, ಶಾಲೆ ಪತ್ರಿಕೆಗಳಲ್ಲಿ ಬರುವಂತಿಲ್ಲ. ಇಂತಹ ಅಪರಾಧ ತಿಳಿದವರು ವರದಿ ಮಾಡಲೇಬೇಕೆಂದು ಅದೇ ಕಾಯ್ದೆಯ 19ನೆಯ ಸೆಕ್ಷನ್ ಹೇಳುತ್ತದೆ, ಆ ಹೊಣೆ ಈಗ ನಿಮ್ಮ ಮೇಲೂ ನನ್ನ ಮೇಲೂ ಇದೆ.

ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯೊಂದಿದೆ. ಹದಿನೆಂಟರ ಒಳಗಿನವರ ಇಂತಹ ಚಿತ್ರದ ಬೆರಳಚ್ಚಿನಂತಹ ಗುರುತನ್ನಷ್ಟೇ ಅದು ಪಡೆಯುತ್ತದೆ, ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ. ಆ ಗುರುತಿನಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ಸಹಭಾಗಿ ತಾಣಗಳು ಚಿತ್ರವನ್ನು ಪತ್ತೆಹಚ್ಚಿ ತೆಗೆದುಹಾಕಬಲ್ಲವು. ವಾಟ್ಸಾಪಿನಂತಹ ಖಾಸಗಿ ಮಾತುಕತೆಯೊಳಗೆ ಅದು ಕೆಲಸ ಮಾಡದು. ಪೊಲೀಸರ ಸಲಹೆ ಪಡೆದು ಬಳಸಿ.

ಅಣ್ಣನಿಗೆ ಹೇಳಲೇಬೇಕು. ಆದರೆ ಅವಳ ಬೆನ್ನ ಹಿಂದೆ ಬೇಡ. ‘ನಾನೇ ಮಾತಾಡ್ತೀನಿ, ನೀನು ನನ್ನ ಪಕ್ಕದಲ್ಲಿ ಕೂತ್ಕೋ ಸಾಕು’ ಎಂದು ಮೊದಲು ಅವಳಿಗೆ ತಿಳಿಸಿ. ಅಣ್ಣನ ಸಿಟ್ಟು ನಿಮ್ಮ ಮೇಲೆ ಇಳಿಯಲಿ, ಮಗುವಿನ ಮೇಲೆ ಬೇಡ. ಈ ಕೆಲವು ರಾತ್ರಿ ಅವಳು ಒಬ್ಬಳೇ ಮಲಗುವುದು ಬೇಡ, ಅತ್ತಿಗೆಯೋ ಅಜ್ಜಿಯೋ ಜೊತೆಗಿರಲಿ. ಸಾಯುವ ಮಾತು ಅವಳ ಬಾಯಿಂದ ಬಂದರೆ ಸುಮ್ಮನೆ ಹೇಳಿದ್ದೆಂದು ಬಿಡದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಟೆಲಿ ಮಾನಸ್‌ಗೆ ತಕ್ಷಣ ಕರೆ ಮಾಡಿ. ಕನ್ನಡದಲ್ಲಿಯೇ ಮಾತನಾಡುತ್ತಾರೆ, ದಿನವಿಡೀ ಲಭ್ಯವಿದೆ. ಮುಂದಿನ ಮಾತು ನನ್ನ ಜೊತೆ ಖಾಸಗಿಯಾಗಿ ಮುಂದುವರಿಸೋಣ.

ಪ್ರಶ್ನೆ (ಒಬ್ಬ ತಾಯಿ, ಬನಶಂಕರಿ): ನನ್ನದು ಬೇರೆ ರೀತಿಯ ಕಷ್ಟ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ದಪ್ಪಗಿರುವ ಒಬ್ಬ ಹುಡುಗನ ಫೋಟೋವನ್ನು ಸ್ಟಿಕ್ಕರ್ ಮಾಡಿ ಹಂಚಿದ್ದಾರೆ, ಆ ಹುಡುಗ ನಾಲ್ಕು ದಿನದಿಂದ ಶಾಲೆಗೆ ಬಂದಿಲ್ಲ. ಸ್ಟಿಕ್ಕರ್ ಮಾಡಿದವನು ನನ್ನ ಮಗ.

ಉತ್ತರ: ಈ ಗುಂಪಿನಲ್ಲಿ ಇದನ್ನು ಬರೆಯಲು ನಿಮಗೆಷ್ಟು ಧೈರ್ಯ ಬೇಕಾಗಿತ್ತೆಂದು ನಾನು ಬಲ್ಲೆ. ತರಗತಿಯ ಪೋಷಕರ ಗುಂಪಿನಲ್ಲಿ ವಿವರಣೆ ಕೊಡಲು ಹೋಗಬೇಡಿ, ಅಲ್ಲಿ ಎರಡು ಪಕ್ಷವಾಗುತ್ತದೆ, ಮಕ್ಕಳು ಮರೆಯಾಗುತ್ತಾರೆ. ಮಗನನ್ನು ಕರೆದುಕೊಂಡು ಕ್ಲಾಸ್ ಟೀಚರ್ ಬಳಿ ಹೋಗಿ, ಮಾಡಿದ್ದನ್ನು ಅವನ ಬಾಯಿಂದಲೇ ಹೇಳಿಸಿ. ಆ ಹುಡುಗನ ಮನೆಯವರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ಕ್ಷಮೆ ಕೇಳಲು ಮನೆಗೆ ಹೋಗಿ. ಸ್ಟಿಕ್ಕರ್ ಅನ್ನು ಇವನು ಅಳಿಸಿದರೂ ಉಳಿಸಿಕೊಂಡವರ ಫೋನಿನಲ್ಲಿ ಅದು ಇರುತ್ತದೆ. ಹಾಗಾಗಿ ಗುಂಪಿನಲ್ಲಿ ‘ನಾನು ಮಾಡಿದ್ದು ತಪ್ಪು, ಎಲ್ಲರೂ ತೆಗೆದುಹಾಕಿ’ ಎಂದು ಇವನೇ ಬರೆಯಬೇಕು. ಅದೇ ಹೊತ್ತಿಗೆ ಇವನ ಮನಸ್ಸಿನೊಳಗೆ ಏನಿದೆಯೆಂದೂ ಕೇಳಿ. ತಾನು ಗುರಿಯಾಗದಿರಲೆಂದು ಇನ್ನೊಬ್ಬನನ್ನು ಮುಂದೆ ತಳ್ಳುವ ಮಕ್ಕಳು ಇರುತ್ತಾರೆ.

ಪ್ರಶ್ನೆ (ಒಬ್ಬ ತಂದೆ, ಯಲಹಂಕ): ಇದೆಲ್ಲಕ್ಕೂ ಒಂದು ಒಳ್ಳೆಯ ಕಂಟ್ರೋಲ್ ಆ್ಯಪ್ ಹೇಳಿಬಿಡಿ ಮೇಡಂ.

ಉತ್ತರ: ಗೂಗಲ್‌ನ ಫ್ಯಾಮಿಲಿ ಲಿಂಕ್ ಉಚಿತ, ಚಿಕ್ಕ ಮಕ್ಕಳಿಗೆ ಉಪಯುಕ್ತ. ಮಗುವಿಗೆ ಗೊತ್ತಿಲ್ಲದಂತೆ ಹಾಕುವ ಬೇಹುಗಾರಿಕೆಯ ಆ್ಯಪ್‌ಗಳನ್ನು ನಾನು ಹೇಳಿಕೊಡುವುದಿಲ್ಲ. ಗೊತ್ತಾದ ದಿನ ವಿಶ್ವಾಸ ಹೋಗುತ್ತದೆ, ಮಗು ಗೆಳೆಯನ ಫೋನ್ ಹಿಡಿಯುತ್ತದೆ. ಮೊದಲು ಇದನ್ನು ನೋಡಿ: ಇನ್‌ಸ್ಟಾಗ್ರಾಂ ಖಾತೆಗೆ ಹದಿಮೂರು ತುಂಬಿರಬೇಕೆಂಬ ನಿಯಮವಿರುವುದರಿಂದ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮನೇ ಹುಟ್ಟಿದ ವರ್ಷವನ್ನು ಹಿಂದೆ ಹಾಕಿ ಖಾತೆ ತೆರೆದುಕೊಟ್ಟಿರುತ್ತಾರೆ. ಅಲ್ಲಿ ಹದಿಹರೆಯದವರ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ, ಅಪರಿಚಿತರು ಸಂದೇಶ ಕಳಿಸಲಾಗದು, ಹದಿನಾರರ ಒಳಗಿನವರು ಅದನ್ನು ಸಡಿಲಿಸಲು ಪೋಷಕರ ಅನುಮತಿ ಬೇಕು. ಸುಳ್ಳು ವಯಸ್ಸಿನ ಖಾತೆಗೆ ಆ ರಕ್ಷಣೆ ಸಿಗುವುದು ಹೇಗೆ? ಇಂದೇ ಸರಿಪಡಿಸಿ, ಹದಿಮೂರಾಗಿಲ್ಲದಿದ್ದರೆ ಮುಚ್ಚಿ. ರಾತ್ರಿ ಒಂಬತ್ತೂವರೆಯ ಮೇಲೆ ನಿಮ್ಮದೂ ಸೇರಿ ಮನೆಯ ಎಲ್ಲ ಫೋನುಗಳು ಅಡುಗೆಮನೆಯ ಮಿಕ್ಸಿ ಪಕ್ಕದ ಪ್ಲಗ್ಗಿನಲ್ಲಿ ಚಾರ್ಜ್ ಆಗಲಿ. ನಿದ್ದೆ, ಊಟ, ಶಾಲೆ ಬಿಟ್ಟು ಆಟಕ್ಕೇ ಅಂಟಿಕೊಂಡ ಮಗುವಿದ್ದರೆ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ನಡೆಯುತ್ತಿರುವ ಶಟ್ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ.

ವಿಜಯನಗರದ ತಾಯಿ: ಮೇಡಂ, ದೂರು ಕೊಟ್ಟೆವು. ಇವತ್ತು ಸಂಜೆ ಅಡುಗೆಮನೆಗೆ ಬಂದು, ‘ಅಮ್ಮ, ಆ ಡೈಮಂಡ್ ನಿಜವಾಗ್ಲೂ ಬರ್ತಿರ್ಲಿಲ್ವಾ?’ ಎಂದು ಕೇಳಿದ. ಏನು ಹೇಳಬೇಕೋ ತೋಚಲಿಲ್ಲ.

ಉತ್ತರ: ಬಂದರೂ ಬಂದಿರುತ್ತಿತ್ತು, ನಂಬಿಸಲು ಮೊದಮೊದಲು ನಿಜವಾಗಿಯೂ ಕೊಡುವವರಿದ್ದಾರೆ ಎಂದೇ ಹೇಳಿ. ಇಲ್ಲವೆಂದು ಹೇಳಿಬಿಟ್ಟರೆ, ನಾಳೆ ನಿಜವಾಗಿ ಕೊಡುವವನು ಬಂದಾಗ ಅವನನ್ನು ಒಳ್ಳೆಯವನೆಂದು ಮಗ ನಂಬುತ್ತಾನೆ. ದೂರಿನ ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ವಿಚಾರಿಸಲು ಬೇಕಾಗುತ್ತದೆ.